ಶಿನ್ ಗಾರ್ಡ್, ಆಂಕಲ್ ಬ್ರೇಸ್ ಕಟ್ಟಿದರೆ ಹುಡುಗರ ಚುರುಕುತನ ಕುಗ್ಗುತ್ತದೆಯೇ?

ಪ್ರಶ್ನೆ (ಬೆಂಗಳೂರಿನ ಆಸ್ಟಿನ್ ಟೌನ್‌ನಿಂದ ಒಬ್ಬ ತಾಯಿ):
ನನ್ನ ಮಗನಿಗೆ 14 ವರ್ಷ. ಫುಟ್‌ಬಾಲ್‌ನಲ್ಲಿ ವಿಂಗರ್ (ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನು) ಆಗಿ ಆಡುತ್ತಾನೆ. ಎರಡು ತಿಂಗಳ ಹಿಂದೆ ಪಾದದ ಕೀಲು ಉಳುಕಿದ್ದರಿಂದ ವೈದ್ಯರ ಸಲಹೆಯಂತೆ ಆಂಕಲ್ ಬ್ರೇಸ್ (ಕೀಲಿಗೆ ಆಸರೆ ಕೊಡುವ ಬಿಗಿಪಟ್ಟಿ) ಹಾಕಿಸುತ್ತಿದ್ದೇವೆ. ಮೊಣಕಾಲ ಕೆಳಗಿನ ಮುಂಭಾಗಕ್ಕೆ ಪೆಟ್ಟು ಬೀಳದಂತೆ ಕಟ್ಟುವ ಶಿನ್ ಗಾರ್ಡ್ ಮೊದಲಿನಿಂದಲೂ ಇದೆ. ಇಷ್ಟೆಲ್ಲ ಕಟ್ಟಿಕೊಂಡರೆ ಕಾಲು ತಿರುಗುವುದೇ ಇಲ್ಲವೆಂದು ದೂರುವ ಅವನು, ನಾನು ಅತ್ತ ಹೋದೊಡನೆ ಎಲ್ಲವನ್ನೂ ಬಿಚ್ಚಿ ಕಿಟ್ ಬ್ಯಾಗಿಗೆ ತುರುಕುತ್ತಾನೆ. ಕೋಚ್ ಕೂಡ ‘ಪ್ರಾಕ್ಟೀಸಿಗೆ ಬೇಡ ಬಿಡಿ ಮೇಡಂ’ ಎನ್ನುತ್ತಾರೆ. ಅವನ ಮಾತಿನಲ್ಲಿ ಹುರುಳಿದೆಯೇ?

ಉತ್ತರ 1 (ಮಕ್ಕಳಿಗೆ ಆಟ ಕಲಿಸುವವನು):
ಮೇಡಂ, ಪಂದ್ಯದಲ್ಲಿ ಶಿನ್ ಗಾರ್ಡ್ ಕಡ್ಡಾಯ. ಆಟದ 4ನೆಯ ನಿಯಮದಂತೆ ಅದು ಸಾಕ್ಸ್‌ನ ಒಳಗೇ ಇರಬೇಕು. ಪಂದ್ಯದಲ್ಲಿ ಧರಿಸಬೇಕಾದುದನ್ನು ಅಭ್ಯಾಸದಲ್ಲಿ ಬಿಡುವುದರಲ್ಲಿ ಅರ್ಥವಿಲ್ಲ. ಆದರೆ ಹುಡುಗನ ದೂರನ್ನು ತಳ್ಳಿಹಾಕಬೇಡಿ. ಸೊಂಟಕ್ಕೆ ಕಟ್ಟಿದ ಭಾರಕ್ಕಿಂತ ಪಾದದ ಬಳಿ ಕಟ್ಟಿದ ಅಷ್ಟೇ ಭಾರವನ್ನು ಬೀಸಲು ಕಾಲಿಗೆ ಹೆಚ್ಚು ಶ್ರಮವಾಗುತ್ತದೆ. ನಾನು ಕಂಡಂತೆ, ತೊಂದರೆ ಬಹುಮಟ್ಟಿಗೆ ತೂಕದ್ದಲ್ಲ, ಅಳತೆಯದ್ದು. ‘ಬೆಳೆಯುವ ಹುಡುಗ, ಮುಂದಿನ ವರ್ಷಕ್ಕೂ ಆಗಲಿ’ ಎಂದು ನಾವು ದೊಡ್ಡದನ್ನೇ ಕೊಳ್ಳುತ್ತೇವೆ. ಓಡುವಾಗ ಅದು ಜಾರಿ, ಕೆಳಗಿನ ಅಂಚು ಪಾದದ ಮೇಲ್ಭಾಗಕ್ಕೆ ಒತ್ತುತ್ತದೆ, ಹುಡುಗ ಪ್ರತಿ ತಿರುವಿನಲ್ಲೂ ಕಾಲನ್ನು ಅರ್ಧ ಮಾತ್ರ ಮಡಿಸುತ್ತಾನೆ.

ಉತ್ತರ 2 (ಫಿಸಿಯೋಥೆರಪಿಸ್ಟ್):
ಬ್ರೇಸ್‌ನ ವಿಷಯ ಬೇರೆ. ಪಾದ ಒಳಮುಖವಾಗಿ ಮಗುಚುವುದನ್ನು ತಡೆಯುವುದೇ ಅದರ ಕೆಲಸವಾದ್ದರಿಂದ ಬಿಗಿತ ಅನ್ನಿಸುವುದು ಸಹಜ. ಒಮ್ಮೆ ಉಳುಕಿದ ಕೀಲು ಮತ್ತೆ ಉಳುಕುವ ಸಂಭವ ಹೆಚ್ಚು. ಅಂಥವರಿಗೆ ಬ್ರೇಸ್‌ನಿಂದ ನಿಜವಾದ ಪ್ರಯೋಜನವಿದೆ. ಇದರೊಂದಿಗೆ ಒಂಟಿ ಕಾಲಿನ ಸಮತೋಲನದ ವ್ಯಾಯಾಮಗಳನ್ನೂ ಮಾಡಿಸಿ. ಫಿಫಾ 11+ ಎಂಬ ಸುಮಾರು 20 ನಿಮಿಷಗಳ ವಾರ್ಮ್ ಅಪ್‌ನಲ್ಲಿ ಅವೆಲ್ಲ ಇವೆ. ಈ ವಯಸ್ಸಿನಲ್ಲಿ ಕೈಕಾಲು ಸರಸರನೆ ಉದ್ದವಾಗುವಾಗ ಏನೂ ಕಟ್ಟದಿದ್ದರೂ ಕೆಲಕಾಲ ಆಟ ತೊಡಕಾಗುವುದುಂಟು. ಆ ದೋಷವನ್ನೂ ಬ್ರೇಸ್‌ನ ತಲೆಗೆ ಕಟ್ಟಬಾರದು. ಅನುಮಾನವಿದ್ದರೆ ಅಳೆದು ನೋಡಿ: ಕೋನ್‌ಗಳನ್ನಿಟ್ಟು, ಕಟ್ಟಿಕೊಂಡು ಮೂರು ಬಾರಿ, ಕಟ್ಟದೆ ಮೂರು ಬಾರಿ, ನಡುನಡುವೆ ವಿಶ್ರಾಂತಿ ಕೊಟ್ಟು, ಸರದಿ ಬದಲಿಸುತ್ತ ಓಡಿಸಿ. ಬ್ರೇಸ್ ಬಿಚ್ಚಿದ ಓಟಗಳಿಗೆ ಮುನ್ನ ವೈದ್ಯರನ್ನೊಮ್ಮೆ ಕೇಳಿ.

ಉತ್ತರ 3 (ಗೌತಮಪುರದ ಹಳೆಯ ಆಟಗಾರ):
ನಾವು ಬರಿಗಾಲಲ್ಲಿ ಆಡಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರೇ. ಆ ತಂಡದ ಹೆಚ್ಚಿನವರು ಬೂಟು ಹಾಕಿರಲಿಲ್ಲ. ಆದರೆ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿದ ಮೇಲೆ ಬೂಟು ಕಡ್ಡಾಯವಾಯಿತು. ಆದ್ದರಿಂದ ಬರಿಗಾಲಿನ ಹೆಮ್ಮೆಯನ್ನು ನಾನು ಮಕ್ಕಳಿಗೆ ಹೇಳಿಕೊಡುವುದಿಲ್ಲ. ನನ್ನ ಅನುಮಾನ ಬೂಟಿನ ಮೇಲೆ: ಹುಲ್ಲಿಗೆಂದು ಮಾಡಿದ ಉದ್ದ ಸ್ಟಡ್‌ಗಳು (ಬೂಟಿನ ಅಡಿಯ ಮೊಳೆಯಂಥ ಗುಬುಟುಗಳು) ಕೃತಕ ಟರ್ಫ್‌ನಲ್ಲಿ ಕಚ್ಚಿಕೊಂಡರೆ ದೇಹ ತಿರುಗುತ್ತದೆ, ಪಾದ ತಿರುಗುವುದಿಲ್ಲ.

ಮತ್ತೆ ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ವೈದ್ಯರ ಒಪ್ಪಿಗೆ ಪಡೆದು ಭಾನುವಾರ ಓಡಿಸಿದೆವು. ಬ್ರೇಸ್ ಇದ್ದಾಗಿನ ಮತ್ತು ಇಲ್ಲದಾಗಿನ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶಿನ್ ಗಾರ್ಡ್ ಮಾತ್ರ ಎರಡನೆಯ ಸುತ್ತಿನಲ್ಲೇ ಪಕ್ಕಕ್ಕೆ ಸರಿದಿತ್ತು. ಚಿಕ್ಕ ಅಳತೆಯದನ್ನು ತಂದಿದ್ದೇವೆ. ಬೂಟು ಬದಲಿಸಲು ಅವನಿನ್ನೂ ಒಪ್ಪಿಲ್ಲ, ಅದರ ಬಣ್ಣ ಅವನಿಗೆ ಅಷ್ಟು ಇಷ್ಟವಂತೆ.