ಸೀಕೊ 7548: ಸೆಕೆಂಡ್ ಮುಳ್ಳು ಎರಡೆರಡು ಗೆರೆ ಹಾರುತ್ತಿದೆ

ಕುಂದಾಪ್ರ_ಹುಡುಗ:
ಅಪ್ಪ ದುಬೈಯಿಂದ ತಂದಿದ್ದ ಸೀಕೊ ಡೈವರ್ ವಾಚು. ಹಿಂದಿನ ಮುಚ್ಚಳದಲ್ಲಿ 7548-7000 ಅಂತ ಇದೆ. ಎಂಟು ತಿಂಗಳ ಹಿಂದೆ ಹೊಸ ಸೆಲ್ ಹಾಕಿಸಿದ್ದೆ. ಹೋದ ವಾರದಿಂದ ಸೆಕೆಂಡ್ ಮುಳ್ಳು ಸುಮ್ನೆ ನಿಂತು, ಆಮೇಲೆ ಒಟ್ಟಿಗೆ ಎರಡು ಗೆರೆ ಹಾರುತ್ತದೆ. ಟೈಮ್ ಮಾತ್ರ ಸರಿ ಇದೆ. ಅಂಗಡಿಯವರು ಮಷೀನ್ ಹೋಗಿದೆ, ಬೇರೆ ಕೂರಿಸೋಣ ಅಂದರು. ಕೊಡಲಾ?

ಟಿಕ್‌ಟಿಕ್:
ಕಾಯಿಲ್, ಅಂದರೆ ಮುಳ್ಳು ಓಡಿಸುವ ಮೋಟಾರಿನ ತಂತಿ ಸುರುಳಿ, ಹೋಗಿರಬೇಕು.

ಹಳೇವಾಚು_ಹುಬ್ಬಳ್ಳಿ:
ಕಾಯಿಲ್ ಹೋಗಿದ್ದರೆ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ತಮ್ಮಾ, ಆ ಮಷೀನ್ ಯಾರಿಗೂ ಕೊಡಬೇಡ. ಐದು ಕಲ್ಲಿನದು (ಚಕ್ರಗಳು ಸವೆಯದಂತೆ ಕೂರಿಸುವ ಕಲ್ಲು), ಬಿಚ್ಚಿ ಸರ್ವಿಸ್ ಮಾಡಬಹುದು. ಈಗಿನ ಪ್ಲಾಸ್ಟಿಕ್ ಮಷೀನ್ ಹಾಗಲ್ಲ.

ಎರಡೆರಡು ಹಾರುವುದು ರೋಗವಲ್ಲ, ಸೂಚನೆ. ಸೆಲ್ಲಿನ ವೋಲ್ಟೇಜ್ ಇಳಿದರೆ ಒಳಗಿನ ಐಸಿ (ಚಿಪ್) ಬೇಕಂತಲೇ ಮುಳ್ಳನ್ನು ಹಾಗೆ ಓಡಿಸುತ್ತದೆ. ಟೈಮ್ ಅಳೆಯುವ ಕ್ವಾರ್ಟ್ಜ್ ಹರಳು ಮಾತ್ರ ಸೆಕೆಂಡಿಗೆ 32,768 ಸಲ ನಡುಗುತ್ತಲೇ ಇರುತ್ತದೆ, ಅದಕ್ಕೇ ಟೈಮ್ ತಪ್ಪಿಲ್ಲ. ಎಂಟೇ ತಿಂಗಳಿಗೆ ಹೀಗಾಯಿತು ಅಂದರೆ ನನಗೆ ಸೆಲ್ ಮೇಲೇ ಅನುಮಾನ. ಬಿಚ್ಚಿಸಿ ಅದರ ಮೇಲಿನ ಅಕ್ಷರ ನೋಡು.

ಕುಂದಾಪ್ರ_ಹುಡುಗ:
ಬೇರೆ ಕಡೆ ಬಿಚ್ಚಿಸಿದೆ ಸರ್. ಎಲ್‌ಆರ್43 ಅಂತಿದೆ. ಅಂಚಿನಲ್ಲಿ ಬಿಳಿ ಪುಡಿ ಬೇರೆ.

ಹಳೇವಾಚು_ಹುಬ್ಬಳ್ಳಿ:
ಅಂದುಕೊಂಡೆ! ಅದು ಆಲ್ಕಲೈನ್. ಇದಕ್ಕೆ ಎಸ್‌ಆರ್43 ಬೇಕು, ಸಿಲ್ವರ್ ಆಕ್ಸೈಡ್, 1.55 ವೋಲ್ಟ್. ಅಳತೆ ಎರಡರದ್ದೂ ಒಂದೇ, 11.6 ಮಿ.ಮೀ. ಅಗಲ, 4.2 ದಪ್ಪ. ಅದಕ್ಕೇ ಅಗ್ಗದ್ದು ತುರುಕಿಬಿಡುತ್ತಾರೆ. ಸಿಲ್ವರ್ ಸೆಲ್ ಕೊನೆಯವರೆಗೂ ಹೆಚ್ಚುಕಡಿಮೆ ಅದೇ ವೋಲ್ಟೇಜ್ ಕೊಡುತ್ತದೆ. ಆಲ್ಕಲೈನ್ ಮೊದಲ ದಿನದಿಂದಲೇ ಇಳಿಯುತ್ತಾ ಹೋಗುತ್ತದೆ.

ಪುಡಿಯನ್ನು ಒಣ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಲಿ. ಕಾಯಿಲ್ ಹತ್ತಿರ ಕಡ್ಡಿ ಹೋಗಬಾರದು, ಆ ತಂತಿ ಕೂದಲಿಗಿಂತ ತೆಳು. ಮುಚ್ಚಳದ ರಬ್ಬರ್ ರಿಂಗೂ ಬದಲಿಸಲಿ. ಡಯಲ್ ಮೇಲೆ 150 ಮೀಟರ್ ಅಂತಿದೆ ಎಂದು ಸಮುದ್ರಕ್ಕೆ ಇಳಿಸಬೇಡ ಮತ್ತೆ.

ಕುಂದಾಪ್ರ_ಹುಡುಗ:
ಎಸ್‌ಆರ್43 ಹಾಕಿಸಿದೆ, ಒಂದೊಂದೇ ಗೆರೆ ನಡೆಯುತ್ತಿದೆ! ಆದರೆ ಹತ್ತು ದಿನಕ್ಕೆ ಐದು ಸೆಕೆಂಡ್ ಮುಂದೆ. ಒಳಗೆ ಪುಟ್ಟ ಸ್ಕ್ರೂ ತರಹದ್ದು ಕಂಡಿತು, ತಿರುಗಿಸಬಹುದಾ?

ಹಳೇವಾಚು_ಹುಬ್ಬಳ್ಳಿ:
ಅದು ಟ್ರಿಮ್ಮರ್, ವಾಚಿನ ವೇಗ ಹೊಂದಿಸುವುದು. ಕೈ ಹಚ್ಚಬೇಡ! ವಾಚು ಎಲ್ಲಿಟ್ಟಿದ್ದೆ?

ಕುಂದಾಪ್ರ_ಹುಡುಗ:
ಬೀರುವಿನಲ್ಲಿ.

ಹಳೇವಾಚು_ಹುಬ್ಬಳ್ಳಿ:
ಕೈಗೆ ಕಟ್ಟಿಕೊಂಡು ಒಂದು ತಿಂಗಳು ಓಡಾಡು. ಮೈ ಬಿಸಿಗೆ ಹರಳಿನ ಲೆಕ್ಕ ಬೇರೆ ಆಗುತ್ತದೆ. ಆಮೇಲೆ ಬಂದು ಹೇಳು.