ತರವಾಡು (ಕುಟುಂಬ) ಗುಂಪಿಗೆ ಬಿದ್ದ ಒಂದು ಫಾರ್ವರ್ಡ್

ಪುಣೆ ಭಾವ: (ಫಾರ್ವರ್ಡ್) ಬ್ರಿಟಿಷರು, ಡಚ್ಚರು ಬಿಟ್ಟು ಹೋದ ದೇಶಗಳಲ್ಲಿ ಒಂದೇ ಭಾಷೆ ಹಿಡಿದವು ಉದ್ಧಾರ ಆದವು. ಇಂಡೋನೇಷ್ಯಾ ನೋಡಿ, ಟಾಂಜಾನಿಯಾ ನೋಡಿ. ನಾವು ಮಾತ್ರ ಭಾಷೆಗೊಂದು ರಾಜ್ಯ ಮಾಡಿ ದೇಶವನ್ನು ತುಂಡು ಮಾಡಿಕೊಂಡೆವು. ಒಂದು ದೇಶ, ಒಂದು ಭಾಷೆ! ಒಪ್ಪುವವರು ಮುಂದಕ್ಕೆ ಕಳಿಸಿ.

ಪುಣೆ ಭಾವ: ಕಾಸರಗೋಡಿನ ನಾವು ಇದನ್ನು ಎಲ್ಲರಿಗಿಂತ ಮೊದಲು ಒಪ್ಪಬೇಕು. ಭಾಷಾವಾರು ಪ್ರಾಂತ್ಯದಿಂದ ಪೆಟ್ಟು ತಿಂದವರು ನಾವೇ ಅಲ್ಲವಾ?

ತಮ್ಮ: ಪೆಟ್ಟು ತಿಂದದ್ದು ಹೌದು ಭಾವ. ಆದರೆ ಆ ಒಂದು ಭಾಷೆ ಯಾವುದು? ಅದನ್ನು ಬರೆದವರು ಹೇಳಲೇ ಇಲ್ಲ.

ದೊಡ್ಡಪ್ಪ: ನಾನು ಆಗ ಶಾಲೆಗೆ ಹೋಗುವ ಹುಡುಗ. 1956ರ ನವೆಂಬರ್ 1, ಭಾಷಾವಾರು ರಾಜ್ಯಗಳು ಆದ ದಿನ. ಅಕ್ಟೋಬರ್ 31ರ ವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ, ಮರುದಿನ ಕೇರಳ. ಜಿಲ್ಲಾ ಕಚೇರಿಯ ಕೆಲಸಕ್ಕೆ ಮಂಗಳೂರಿಗೆ ಹೋಗುತ್ತಿದ್ದವರು ಕಣ್ಣೂರಿಗೆ ಹೋಗಬೇಕಾಯಿತು. ನಮಗೆ ನಮ್ಮದೇ ಜಿಲ್ಲೆ ಅಂತ ಆದದ್ದು 1984ರಲ್ಲಿ. ಗಡಿ ತಗಾದೆ ನೋಡಲಿಕ್ಕೆ ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಬರೆದು ಕೊಟ್ಟಿತು. ಅದು ಕಾಗದದಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಅದನ್ನೇ ಕೇಳುತ್ತಾ ಹೋದರು.

ಪುಣೆ ಭಾವ: ಅದನ್ನೇ ನಾನು ಹೇಳುವುದು ದೊಡ್ಡಪ್ಪ. ಭಾಷೆ ನೋಡಿ ಗಡಿ ಎಳೆಯದಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ನಾನು: ಭಾವ, ನೀವು ಕಳಿಸಿದ್ದನ್ನು ಎರಡು ಸಲ ಓದಿದೆ. ಇಂಡೋನೇಷ್ಯಾದ ಹೆಸರು ಹೇಳಿದವರು ಅಲ್ಲಿ ಆದದ್ದನ್ನು ಪೂರ್ತಿ ಹೇಳಲಿಲ್ಲ. ಅಲ್ಲಿ ಅತಿ ಹೆಚ್ಚು ಜನ ಆಡುವುದು ಜಾವಾ ಭಾಷೆ. 1928ರಲ್ಲಿ ಯುವಕರು ಪ್ರತಿಜ್ಞೆ ಮಾಡುವಾಗ ಆ ದೊಡ್ಡ ಭಾಷೆಯನ್ನು ಬಿಟ್ಟು, ಬಂದರುಗಳಲ್ಲಿ ವ್ಯಾಪಾರಕ್ಕೆ ಎಲ್ಲರೂ ಬಳಸುತ್ತಿದ್ದ ಮಲಯ ಭಾಷೆಯನ್ನು ಹಿಡಿದರು. ಮನೆಮಾತಾಗಿ ಅದನ್ನು ಆಡುವವರು ಬಹಳ ಕಡಿಮೆ. ಅಂದರೆ ದೊಡ್ಡ ಗುಂಪಿನವರು ಪಟ್ಟು ಹಿಡಿಯಲಿಲ್ಲ, ಅದಕ್ಕೇ ಉಳಿದವರು ಒಪ್ಪಿದರು. ಟಾಂಜಾನಿಯಾದಲ್ಲಿ ಪ್ರಾಥಮಿಕ ಶಾಲೆಗೆ ಸ್ವಾಹಿಲಿ ಬಂತು, ಹೈಸ್ಕೂಲು ಇಂಗ್ಲಿಷಿನಲ್ಲೇ ಉಳಿಯಿತು. ಸ್ವಾಹಿಲಿಯಲ್ಲಿ ಕಲಿತ ಮಕ್ಕಳು ಆ ಹೊಸ್ತಿಲಲ್ಲಿ ಎಡವುತ್ತಾರೆ.

ನಾನು: ಇನ್ನು ಒಂದೇ ಭಾಷೆಯನ್ನು ನಿಜವಾಗಿ ಹೇರಿದವರ ಕಥೆ. 1948ರ ಮಾರ್ಚಿನಲ್ಲಿ ಪಾಕಿಸ್ತಾನದ ಜಿನ್ನಾ ಆಗಿನ ಪೂರ್ವ ಪಾಕಿಸ್ತಾನದ ಢಾಕಾಕ್ಕೆ ಬಂದು ಉರ್ದು ಒಂದೇ ಅಂದರು. ದೇಶದ ಅರ್ಧಕ್ಕಿಂತ ಹೆಚ್ಚು ಜನರದ್ದು ಬಂಗಾಳಿ. 1952ರ ಫೆಬ್ರವರಿ 21ಕ್ಕೆ ಅದೇ ಢಾಕಾದಲ್ಲಿ ವಿದ್ಯಾರ್ಥಿಗಳು ಪೊಲೀಸರ ಗುಂಡಿಗೆ ಸತ್ತರು. ಆಮೇಲೆ 1956ರ ಸಂವಿಧಾನದಲ್ಲಿ ಬಂಗಾಳಿಯನ್ನೂ ಸೇರಿಸಿದರು. ಅಷ್ಟರಲ್ಲಿ ಮನಸ್ಸು ಒಡೆದಾಗಿತ್ತು, 1971ರಲ್ಲಿ ದೇಶವೂ ಒಡೆಯಿತು. ಸಿಲೋನಿನಲ್ಲಿ (ಈಗಿನ ಶ್ರೀಲಂಕಾ) ಸಿಂಹಳ ಮಾತ್ರ ಅನ್ನುವ ಕಾನೂನು ಬಂದದ್ದೂ ಅದೇ 1956ರಲ್ಲಿ. ತಮಿಳಿಗೆ ಅಧಿಕೃತ ಸ್ಥಾನ ಸಿಗಲಿಕ್ಕೆ 1987 ಆಗಬೇಕಾಯಿತು. ಅಷ್ಟರೊಳಗೆ ಅಲ್ಲಿ ಎಷ್ಟು ರಕ್ತ ಹರಿಯಿತು ಅಂತ ನಾನು ಬರೆಯಬೇಕಾಗಿಲ್ಲ. ನಮ್ಮ ದೇಶ ಅದೇ 1956ರಲ್ಲಿ ಬೇರೆ ದಾರಿ ಹಿಡಿಯಿತು, ಭಾಷೆ ನೋಡಿ ರಾಜ್ಯ ಮಾಡಿತು. ಅದರಿಂದ ಪೆಟ್ಟು ತಿಂದ ಊರಿನಲ್ಲಿ ಕೂತು ಹೇಳುತ್ತೇನೆ, ಆ ದಾರಿ ಸರಿಯಾದದ್ದೇ.

ತಮ್ಮ: ಹಿಂದಿಯ ವಿಷಯವೂ ಹಾಗೇ. 15 ವರ್ಷದ ಮೇಲೆ ಇಂಗ್ಲಿಷ್ ಬಿಡಬೇಕು ಅಂತ ಸಂವಿಧಾನದಲ್ಲಿ ಇತ್ತು. 1965ರಲ್ಲಿ ಮದ್ರಾಸಿನಲ್ಲಿ ಗಲಾಟೆ ಆದ ಮೇಲೆ 1967ರಲ್ಲಿ ಕಾನೂನು ತಿದ್ದಿ ಇಂಗ್ಲಿಷನ್ನು ಉಳಿಸಿದರು. ಸರಕಾರ ಬಗ್ಗಿತು, ಅದಕ್ಕೇ ದೇಶ ಉಳಿಯಿತು.

ಪುಣೆ ಭಾವ: ಸರಿ, ಪಾಕಿಸ್ತಾನದ್ದು ಒಪ್ಪಿದೆ. ಆದರೆ ನಿನ್ನ ಮಾತಿನಲ್ಲೇ ತಗಾದೆ ಉಂಟು. ಭಾಷೆ ನೋಡಿ ರಾಜ್ಯ ಮಾಡಿದ್ದು ಸರಿಯಾದರೆ, ಕಾಸರಗೋಡು ಕೇರಳಕ್ಕೆ ಹೋದದ್ದು ಸರಿಯಾ?

ಅತ್ತಿಗೆ: ನಾನು ಒಂದು ಮಾತು ಹೇಳಬಹುದಾ? ನನ್ನ ತವರು ನೀಲೇಶ್ವರವೂ 1956ರ ವರೆಗೆ ದಕ್ಷಿಣ ಕನ್ನಡದಲ್ಲೇ ಇತ್ತು. ನಮ್ಮ ಅಜ್ಜನ ಕಾಲದ ಜಾಗೆಯ ಕಾಗದಪತ್ರ ಎಲ್ಲ ಕನ್ನಡದಲ್ಲಿ ಉಂಟು. ಮಲಯಾಳ ಮಾತಾಡುವ ನಮ್ಮ ಮನೆಯಲ್ಲಿ ಒಬ್ಬರಿಗೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಓದಿಸಲಿಕ್ಕೆ ಆಧಾರ (ಜಾಗೆಯ ಪತ್ರ) ಬರೆಯುವವರ ಹತ್ತಿರ ಹೋಗಿ ದುಡ್ಡು ಕೊಡಬೇಕಿತ್ತು. ಏನು ಬರೆದಿದೆ ಅಂತ ಅವರು ಹೇಳಿದ್ದೇ ಸತ್ಯ. ನೀವು ಈಗ ಹೇಳುವ ಗೋಳು ನಮ್ಮವರು ಮೊದಲೇ ಉಂಡದ್ದು.

ದೊಡ್ಡಪ್ಪ: ನೀನು ಹೇಳಿದ್ದು ನಿಜ ಮಗಳೇ. ಆ ಕಾಲದ ದಾಖಲೆ ಎಲ್ಲ ಹಾಗೇ ಇತ್ತು.

ನಾನು: ಅತ್ತಿಗೆ ಹೇಳಿದ್ದೇ ನನ್ನ ಉತ್ತರ ಭಾವ. ಗೆರೆ ಎಲ್ಲಿ ಎಳೆದರೂ ಆಚೆ ಬದಿಯಲ್ಲಿ ಯಾರಾದರೂ ಉಳಿಯುತ್ತಾರೆ. ನಾಳೆ ಚಂದ್ರಗಿರಿಯಲ್ಲೇ ಗಡಿ ಮಾಡಿದರೂ ಕುಂಬಳೆ, ಉಪ್ಪಳದ ಮಲಯಾಳಿಗಳು, ಬ್ಯಾರಿ ಭಾಷೆಯವರು ಈಚೆ ಉಳಿಯುತ್ತಾರೆ. ನನ್ನ ಸಿಟ್ಟು ಗೆರೆಯ ಮೇಲೆ ಇಲ್ಲ. ಗೆರೆ ಎಳೆದ ಮೇಲೆ ಒಳಗಿನ ಸರಕಾರ ತನ್ನದು ಒಂದೇ ಭಾಷೆಯ ಮನೆ ಅಂತ ತಿಳಿದುಕೊಂಡಿತಲ್ಲ, ಅದರ ಮೇಲೆ. 1956ರ ಗಡಿಗಳಿಗೆ ದಾರಿ ಹಾಕಿದ ರಾಜ್ಯ ಪುನರ್ವಿಂಗಡಣಾ ಆಯೋಗ ತನ್ನ ವರದಿಯಲ್ಲಿ ಒಂದು ಭಾಷೆಗೆ ಒಂದೇ ರಾಜ್ಯ ಅನ್ನುವ ವಾದವನ್ನು ಒಪ್ಪಿರಲೇ ಇಲ್ಲ. ಅಲ್ಪಸಂಖ್ಯಾತರ ರಕ್ಷಣೆಗೆ ಏನೇನು ಬೇಕು ಅಂತ ಅದೇ ವರದಿಯಲ್ಲಿ ಉಂಟು. ರಾಜ್ಯಗಳು ಗಡಿ ತೆಗೆದುಕೊಂಡವು, ರಕ್ಷಣೆಯ ಪುಟಗಳನ್ನು ಬಿಟ್ಟವು.

ತಮ್ಮ: ಅಕ್ಕ, ಒಂದು ಕೇಳಬೇಕು ಅಂತ ಇತ್ತು. ಮನೆಯಲ್ಲಿ ನಾವು ಮಾತಾಡುವುದು ತುಳು. ಅದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಇಲ್ಲ. ಹಾಗಿರುವಾಗ ನಾವು ಕನ್ನಡಕ್ಕೆ ಯಾಕೆ ಜಗಳ ಮಾಡುವುದು?

ನಾನು: ನಾವು ಓದು ಬರಹ ಕಲಿತದ್ದು ಕನ್ನಡದಲ್ಲಿ, ಅದಕ್ಕೆ. ಅಮ್ಮ ಪೇಪರ್ ಓದುವುದು, ಯಕ್ಷಗಾನದ ಅರ್ಥ ಕೇಳಿ ಕಣ್ಣು ಒರೆಸಿಕೊಳ್ಳುವುದು, ನೀನು ಈಗ ಟೈಪ್ ಮಾಡುವುದು, ಎಲ್ಲ ಕನ್ನಡದಲ್ಲೇ. ತುಳುವಿಗೂ ನಾಳೆ ಶಾಲೆ ಬೇಕು, ಆಫೀಸಿನಲ್ಲಿ ಜಾಗ ಬೇಕು. ಸಪ್ತಭಾಷೆಯ ನಾಡು ಅಂತ ವೇದಿಕೆಯಲ್ಲಿ ಹೇಳುವ ಊರಿನಲ್ಲಿ ಕನ್ನಡಕ್ಕೇ ಜಾಗ ಇಲ್ಲದಿದ್ದರೆ ತುಳುವಿಗೆ, ಬ್ಯಾರಿಗೆ, ಕೊಂಕಣಿಗೆ ಯಾರು ಕೊಡುತ್ತಾರೆ?

ಅತ್ತಿಗೆ: ಆದರೆ ಮಕ್ಕಳು ಮಲಯಾಳ ಕಲಿಯಲೇಬೇಕು. 2017ರಲ್ಲಿ ಕಡ್ಡಾಯದ ಕಾನೂನು ಬಂದಾಗ ಇಲ್ಲಿ ಎಲ್ಲರೂ ಬೀದಿಗೆ ಇಳಿದರು. ನನಗೆ ಅದು ಅರ್ಥ ಆಗಲಿಲ್ಲ. ಇಲ್ಲೇ ಕೆಲಸಕ್ಕೆ ಸೇರುವವರಿಗೆ ಮಲಯಾಳ ಬೇಡವಾ?

ನಾನು: ಬೇಕು ಅತ್ತಿಗೆ. ಕಲಿಸುವುದಕ್ಕೆ ನನ್ನ ವಿರೋಧ ಇಲ್ಲ, ನನ್ನ ಕ್ಲಾಸಿನ ಮಕ್ಕಳು ಮಲಯಾಳ ಸಲೀಸಾಗಿ ಮಾತಾಡುತ್ತಾರೆ. ಒಂದು ಭಾಷೆ ಕಲಿಯುವುದು ಬೇರೆ, ಆ ಭಾಷೆಯಲ್ಲಿ ಗಣಿತ ಕಲಿಯುವುದು ಬೇರೆ. ಕಳೆದ ವರ್ಷ ಒಂದು ಕನ್ನಡ ಮೀಡಿಯಂ ಶಾಲೆಗೆ ಕನ್ನಡ ಬಾರದ ಗಣಿತ ಟೀಚರ್ ಬಂದರು. ಯಾವ ಶಾಲೆ ಅಂತ ಹೇಳುವುದಿಲ್ಲ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ನೋಟ್ಸ್ ನೋಡಿದೆ. ತ್ರಿಭುಜದ ಚಿತ್ರ ಸ್ಕೇಲು ಇಟ್ಟು ಚಂದ ಮಾಡಿ ಎಳೆದಿದ್ದಾಳೆ. ಅಂಕೆಗಳು ಎಲ್ಲ ಸರಿ ಉಂಟು. ಆದರೆ ಯಾಕೆ ಹೀಗೆ ಅಂತ ವಿವರಿಸುವ ಸಾಲುಗಳು ಇರಬೇಕಾದ ಕಡೆ ಪ್ರತಿ ಪುಟದಲ್ಲೂ ಖಾಲಿ. ಬೋರ್ಡಿನಲ್ಲಿ ಕಂಡದ್ದನ್ನು ಇಳಿಸಿಕೊಂಡಿದ್ದಾಳೆ, ಕೇಳಿದ್ದನ್ನು ಬರೆಯಲಿಕ್ಕೆ ಆಗಿಲ್ಲ. ಆ ಟೀಚರಿನದ್ದೂ ತಪ್ಪಲ್ಲ, ಅವರಿಗೂ ಅದು ಸಂಕಟವೇ. ಕನ್ನಡ ಬಲ್ಲವರನ್ನೇ ಕಳಿಸಬೇಕಾದ ಜಾಗಕ್ಕೆ ಹಾಗೆ ಕಳಿಸಿದವರ ತಪ್ಪು.

ಅತ್ತಿಗೆ: ಅದು ಅನ್ಯಾಯ. ಅದನ್ನು ನಾನು ಒಪ್ಪುವುದಿಲ್ಲ.

ಅಣ್ಣನ ಮಗಳು: ಅತ್ತೆ, ನಾನು ಪಿಎಸ್‌ಸಿಗೆ (ಸರಕಾರಿ ಕೆಲಸದ ಪರೀಕ್ಷೆ) ಓದುವಾಗ ನೋಡಿದ್ದೆ. ಮಲಯಾಳ ಮತ್ತು ಕನ್ನಡ ಎರಡೂ ಬಲ್ಲವರಿಗೆ ಅಂತ ಬೇರೆಯೇ ಹುದ್ದೆಗಳು ಉಂಟು. ಅಂದರೆ ಸರಕಾರಕ್ಕೆ ಗೊತ್ತುಂಟು.

ನಾನು: ಗೊತ್ತಿರುವುದು ಅಷ್ಟೇ ಅಲ್ಲ ಪುಟ್ಟಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೇ ಉಂಟು, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ಎ ವಿಧಿ, ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವ ಹಾಗೆ ನೋಡಿಕೊಳ್ಳಬೇಕು ಅಂತ. 1949ರಲ್ಲೇ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳು ಕೂತು ಲೆಕ್ಕ ಹಾಕಿದ್ದಾರೆ, ಶಾಲೆಯಲ್ಲಿ 40 ಮಕ್ಕಳು ಅಥವಾ ಕ್ಲಾಸಿನಲ್ಲಿ 10 ಮಕ್ಕಳು ಇದ್ದರೆ ಅವರ ಭಾಷೆಯ ಟೀಚರ್ ಕೊಡಬೇಕು. ಒಂದು ತಾಲೂಕಿನಲ್ಲೋ ಪಟ್ಟಣದಲ್ಲೋ ನೂರಕ್ಕೆ 15ರಿಂದ 20 ಜನ ಇದ್ದರೆ ಮುಖ್ಯ ನೋಟೀಸುಗಳನ್ನು ಅವರ ಭಾಷೆಯಲ್ಲೂ ಹಾಕಬೇಕು ಅಂತ 1956ರ ಕೇಂದ್ರದ ಜ್ಞಾಪನ ಪತ್ರದಲ್ಲಿ ಉಂಟು. ಇಷ್ಟೆಲ್ಲ ಇದ್ದೂ ಚಿಕ್ಕಮ್ಮ ಆದಾಯ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದ (ಸರಕಾರಿ ಅರ್ಜಿ ಆನ್‌ಲೈನಿನಲ್ಲಿ ತುಂಬಿಸುವ ಜಾಗ) ಹುಡುಗಿಯ ಹತ್ತಿರ ಕೂತು, ಯಾವುದಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ಅವಳನ್ನೇ ಕೇಳಬೇಕು. ಅತ್ತಿಗೆಯ ಅಜ್ಜ ಆಧಾರ ಬರೆಯುವವರನ್ನು ಕೇಳಿದ ಹಾಗೆ.

ಚಿಕ್ಕಮ್ಮ: ಆ ಹುಡುಗಿ ಪಾಪ, ಚಂದ ಮಾಡಿ ಓದಿ ಹೇಳುತ್ತಾಳೆ.

ತಮ್ಮ: ಒಪ್ಪಿದೆ ಅಕ್ಕ. ಆದರೆ ಇದನ್ನೇ ಬೆಳಗಾವಿಯ ಮರಾಠಿಯವರು ಕೇಳಿದರೆ? ಬೆಂಗಳೂರಿನಲ್ಲಿ ನನ್ನ ಆಫೀಸಿನವರು ಕುಣಿದು ಬೀಳುತ್ತಾರೆ.

ನಾನು: ಅಲ್ಲಿಯೂ ಇದೇ ಲೆಕ್ಕ. ಬೆಳಗಾವಿ ಕರ್ನಾಟಕದಲ್ಲೇ ಇರಲಿ, ಖಾನಾಪುರದ ಮರಾಠಿ ಅಜ್ಜಿಗೆ ನೋಟೀಸು ಮರಾಠಿಯಲ್ಲಿ ಸಿಗಲಿ. ಗಡಿಯಾಚೆಯ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಿಗೆ ಮಹಾರಾಷ್ಟ್ರ ಕನ್ನಡ ಟೀಚರ್ ಕೊಡಲಿ. ಅಲ್ಲಿ ಕೊಡುವುದಿಲ್ಲ ಅಂದು ಇಲ್ಲಿ ಕೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಪುಣೆ ಭಾವ: ಇದನ್ನು ಅಲ್ಲಿ ನಿಂತು ಹೇಳುವ ಧೈರ್ಯ ಉಂಟಾ?

ನಾನು: ಉಂಟು ಭಾವ. ನೀವು ಪುಣೆಯಲ್ಲಿ ಜತ್ತದ ಮಕ್ಕಳ ಪರವಾಗಿ ಹೇಳಿ, ತಮ್ಮ ಬೆಂಗಳೂರಿನಲ್ಲಿ ಬೆಳಗಾವಿಯವರ ಪರವಾಗಿ ಹೇಳಲಿ. ನಾನು ಇಲ್ಲಿಯದ್ದು ನೋಡಿಕೊಳ್ಳುತ್ತೇನೆ.

ಪುಣೆ ಭಾವ: ದೇಶಕ್ಕೆ ಎಲ್ಲರಿಗೂ ಅರ್ಥ ಆಗುವ ಒಂದು ಭಾಷೆ ಬೇಕು ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಆ ಹುಡುಗಿಯ ಪುಸ್ತಕದ ಫೋಟೋ ಇದ್ದರೆ ಹಾಕು.

ನಾನು: ಹಾಕುವುದಿಲ್ಲ, ಮಗುವಿನ ಹೆಸರು ಉಂಟು ಅದರಲ್ಲಿ. ಪಂಚಾಯತಿಗೆ, ಶಿಕ್ಷಣ ಇಲಾಖೆಗೆ ಒಂದೊಂದು ಅರ್ಜಿ ಬರೆದಿದ್ದೇನೆ, ನಾಳೆ ಇಲ್ಲಿ ಹಾಕುತ್ತೇನೆ. ಅರ್ಜಿ ಕನ್ನಡದಲ್ಲೇ ಕೊಡುವುದು. ಜೊತೆಗೆ ಮಲಯಾಳದ ಪ್ರತಿಯೂ ಇರಲಿ, ಓದುವವರಿಗೆ ಓದಲಿಲ್ಲ ಅನ್ನಲಿಕ್ಕೆ ಆಗಬಾರದು. ಅತ್ತಿಗೆ, ನೀವು ಮಾಡಿಕೊಡುತ್ತೀರಾ?

ಅತ್ತಿಗೆ: ಕಳಿಸು. ಗಣಿತ ಪುಸ್ತಕದ ವಿಷಯವನ್ನು ಇಲ್ಲಿ ಬರೆದ ಹಾಗೇ ಬರೆ, ಕಡಿಮೆ ಮಾಡಬೇಡ.

ದೊಡ್ಡಪ್ಪ: ಎರಡೆರಡು ಪ್ರತಿ ತೆಗೆದುಕೊಂಡು ಹೋಗಿ, ಒಂದಕ್ಕೆ ಅವರ ಸೀಲು, ತಾರೀಕು ಹಾಕಿಸಿ ತನ್ನಿ. ಸೀಲು ಇಲ್ಲದಿದ್ದರೆ ನೀವು ಕೊಟ್ಟೇ ಇಲ್ಲ ಅನ್ನುತ್ತಾರೆ. ನನ್ನ ಸಹಿಗೆ ಸೋಮವಾರ ಬೆಳಿಗ್ಗೆ ಬನ್ನಿ.