ಹೆಣೆದ ಟೋಪಿಯನ್ನು ತುಳಿದು ದಪ್ಪ ಮಾಡುವುದಕ್ಕೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಹಳೆಯ ಕಾಲದ ಉಣ್ಣೆ ಟೋಪಿಗಳನ್ನು ಈಗ ಮತ್ತೆ ಹೆಣೆಯುವವರ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಬರಹ ಅರ್ಧಕ್ಕೇ ನಿಂತಿದೆ.

ನಾನು ಬರೆಯುತ್ತಿರುವುದು ವೇಲ್ಸಿನ ಮಾನ್‌ಮತ್ ಟೋಪಿಯ ಬಗ್ಗೆ. 16ನೇ ಶತಮಾನದಲ್ಲಿ ಸೈನಿಕರು, ನಾವಿಕರು ಹಾಕುತ್ತಿದ್ದ ಟೋಪಿ ಇದು. ಅಂಥದ್ದೊಂದು ಇವತ್ತಿಗೂ ಆ ಊರಿನ ಮ್ಯೂಸಿಯಂನಲ್ಲಿದೆ. ಇದನ್ನು ಅಂಚಿನಿಂದ ಶುರು ಮಾಡಿ, ಎರಡೂ ತುದಿ ಚೂಪಾದ ಕಡ್ಡಿಗಳ ಮೇಲೆ ಸುತ್ತಲೂ ಹೆಣೆಯುತ್ತಾರೆ. ನೆತ್ತಿ ಹತ್ತಿರ ಬಂದಂತೆ ಕುಣಿಕೆಗಳನ್ನು ಕಡಿಮೆ ಮಾಡುತ್ತಾರೆ. ಕೊನೆಗೆ ಮೇಲೆ ಅಂಗಿ ಗುಂಡಿಯಂಥ ಸಣ್ಣ ಉಬ್ಬೊಂದು ಉಳಿಯುತ್ತದೆ. ಇಲ್ಲಿಯವರೆಗೆ ಪದಗಳಿಗೆ ಬರವಿಲ್ಲ. ಹೆಣಿಗೆ, ಕಡ್ಡಿ, ಕುಣಿಕೆ ಎಲ್ಲ ನಮ್ಮಲ್ಲೇ ಇವೆ.

ತೊಡಕು ಆಮೇಲಿನದು. ಹೆಣೆದಾದ ಮೇಲೆ ಟೋಪಿ ದೊಗಳೆಯಾಗಿರುತ್ತದೆ, ಬೇಕೆಂದೇ ತಲೆಗಿಂತ ದೊಡ್ಡದಾಗಿ ಹೆಣೆದಿರುತ್ತಾರೆ. ಅದನ್ನು ಬಿಸಿನೀರು, ಸೋಪು ಹಾಕಿ ಚೆನ್ನಾಗಿ ಉಜ್ಜಬೇಕು, ಹಿಸುಕಬೇಕು. ಉಣ್ಣೆಯ ಎಳೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ಟೋಪಿ ಕುಗ್ಗುತ್ತದೆ, ದಪ್ಪವಾಗುತ್ತದೆ. ಹೆಣಿಗೆಯ ಗುರುತೇ ಮಾಸಿಹೋಗುತ್ತದೆ. ಮಳೆನೀರೂ ಬೇಗ ಒಳಗಿಳಿಯುವುದಿಲ್ಲ. ಟೋಪಿಗೆ ಟೋಪಿಯ ಗುಣ ಬರುವುದೇ ಇಲ್ಲಿ ಅಂತ ನನ್ನ ಅನಿಸಿಕೆ. ಇಂಗ್ಲಿಷಿನಲ್ಲಿ ಇದಕ್ಕೆ ಫುಲ್ಲಿಂಗ್ ಅನ್ನುತ್ತಾರೆ.

ಅಲ್ಲಿ ಈ ಕೆಲಸಕ್ಕೆ ಎಷ್ಟು ಬೆಲೆಯಿತ್ತು ನೋಡಿ. ನೀರಿನ ಬಲದಿಂದ ಕುಟ್ಟುವ ಗಿರಣಿಗಳು ಬಂದಾಗ ಟೋಪಿ ಮಾಡುವವರು ದೂರು ಕೊಟ್ಟರು. ಟೋಪಿಯನ್ನು ಗಿರಣಿಗೆ ಹಾಕಬಾರದು, ಕೈಕಾಲಿನಿಂದಲೇ ದಪ್ಪ ಮಾಡಬೇಕು ಅಂತ ಇಂಗ್ಲೆಂಡಿನ ದೊರೆ ನಾಲ್ಕನೆಯ ಎಡ್ವರ್ಡನ ಕಾಲದಲ್ಲಿ ಕಾನೂನೇ ಆಯಿತು. ಅವರ ಕಸುಬು ಉಳಿಯಲೆಂದೇ 1571ರಲ್ಲಿ ಇನ್ನೊಂದು ಕಾನೂನು ಬಂತು. ಆರು ವರ್ಷ ದಾಟಿದವರು, ದೊಡ್ಡ ಮನೆತನದಂಥ ಕೆಲವರನ್ನು ಬಿಟ್ಟು, ಭಾನುವಾರ ಮತ್ತು ಹಬ್ಬದ ದಿನ ಇಂಗ್ಲೆಂಡಿನಲ್ಲೇ ಮಾಡಿದ ಉಣ್ಣೆ ಟೋಪಿ ಹಾಕಲೇಬೇಕಿತ್ತು. ಇಲ್ಲದಿದ್ದರೆ ದಿನಕ್ಕೆ 3 ಷಿಲಿಂಗ್ 4 ಪೆನ್ಸ್ ದಂಡ. 1597ರಲ್ಲಿ ಇದನ್ನು ತೆಗೆದುಹಾಕಿದರು.

ಈಗ ಪದದ ಮಾತು. "ಕುಗ್ಗಿಸು" ಅಂದರೆ ದಪ್ಪವಾಗುವುದು ಬಿಟ್ಟುಹೋಗುತ್ತದೆ. "ಜಡೆಗಟ್ಟಿಸು" ಎಳೆಗಳ ಸ್ಥಿತಿಗೆ ತುಂಬಾ ಹತ್ತಿರ, ಆದರೆ ಜಡೆಗಟ್ಟಿದ್ದು ಅಂದರೆ ಆರೈಕೆ ಇಲ್ಲದ್ದು ಅನ್ನೋ ಭಾವ ಬರುತ್ತೆ, ಅಲ್ವಾ? ನನಗೆ ಜಾಸ್ತಿ ಹಿಡಿಸಿದ್ದು "ತುಳಿದು ಹದ ಮಾಡು". ಮಣ್ಣಿಗೆ ಹಾಗೇ ಅನ್ನುತ್ತೇವೆ. ಇಂಗ್ಲಿಷಿನಲ್ಲೂ ಈ ಕೆಲಸದವರಿಗೆ ವಾಕರ್ ಅನ್ನುವ ಹೆಸರು ಬಂದಿದ್ದು ತುಳಿಯುವುದರಿಂದಲೇ. ಆದರೆ "ತುಳಿದು ಹದ ಮಾಡಿದ ಟೋಪಿ" ಉದ್ದವಾಯಿತು. "ತುಳಿತದ ಟೋಪಿ" ಅಂದರೆ ಓದುವವರಿಗೆ ತಿಳಿಯುತ್ತದೆಯೇ?

ಚಿತ್ರದುರ್ಗ, ಚಳ್ಳಕೆರೆ ಕಡೆ ಕಂಬಳಿ ನೇಯುವ ಮನೆಗಳ ಮಾತು ಬಲ್ಲವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುವುದು ಗೊತ್ತು, ಅದು ಬೇರೆ ಕೆಲಸ. ಉಣ್ಣೆಯನ್ನು ನೀರಲ್ಲಿ ಉಜ್ಜಿ, ತುಳಿದು ಒತ್ತಾಗಿಸುವುದಕ್ಕೆ ಅವರ ಬಾಯಲ್ಲಿ ಬೇರೆ ಪದವಿದ್ದರೆ ಅದನ್ನೇ ಬಳಸುತ್ತೇನೆ.